ಲೋಕಲ್ ಚಾನೆಲ್‌ನ ಹೊಸ ಸೀಸನ್: ಮಳೆ ಹಿಡಿಯುವ ಮೊದಲು ಏನೇನು ಶೂಟ್ ಮಾಡಬೇಕು?

ಮುಳ್ಳೇರಿಯ ಕ್ಯಾಮೆರಾ

ಎಲ್ಲರಿಗೂ ನಮಸ್ಕಾರ. ನಾನು ಕೇರಳದ ಕಾಸರಗೋಡು ಜಿಲ್ಲೆಯ ಮುಳ್ಳೇರಿಯದವನು. ಮದುವೆ, ಉಪನಯನ, ಗೃಹಪ್ರವೇಶ, ಬ್ರಹ್ಮಕಲಶ ಇಂಥದ್ದರ ವಿಡಿಯೋ ಮಾಡುವುದು ನನ್ನ ಕೆಲಸ. ನಮ್ಮ ಕಡೆಯ ಕೇಬಲ್‌ನಲ್ಲಿ ಬರುವ ಲೋಕಲ್ ಚಾನೆಲ್‌ನವರು ಈ ಜೂನ್‌ನಿಂದ ಊರಿನ ಕಾರ್ಯಕ್ರಮಗಳ ಹೊಸ ಸೀಸನ್ ಶುರು ಮಾಡುತ್ತಿದ್ದಾರೆ. ಅದರಲ್ಲಿ ವಾರಕ್ಕೆ ಅರ್ಧ ಗಂಟೆ ಕನ್ನಡಕ್ಕೆ. ಆ ಅರ್ಧ ಗಂಟೆ ಮಾಡಿಕೊಡು ಅಂತ ನನ್ನನ್ನು ಕೇಳಿದರು. ಒಪ್ಪಿಕೊಂಡಿದ್ದೇನೆ. ದುಡ್ಡು ಹೆಚ್ಚೇನಿಲ್ಲ. ಪೆಟ್ರೋಲ್ ಖರ್ಚು, ಜೊತೆಗೆ ಬರುವ ಹುಡುಗನ ಸಂಬಳ ಹುಟ್ಟುತ್ತದೆ. ಆದರೂ ನನಗೆ ತುಂಬಾ ಆಸೆಯಿದ್ದ ಕೆಲಸ ಇದು.

ಚಾನೆಲ್‌ನವರ ಯೋಚನೆ ಹೀಗಿದೆ: ಒಂದು ಸ್ಟುಡಿಯೋ, ಎರಡು ಕುರ್ಚಿ, ಹಿಂದೆ ಬೇಕಲ ಕೋಟೆಯ ದೊಡ್ಡ ಫೋಟೋ. ಆಂಕರ್ ಬೆಂಗಳೂರು ಚಾನೆಲ್‌ನವರ ಹಾಗೆ ಮಾತಾಡಬೇಕು. ಎದುರಿಗೆ ವಾರಕ್ಕೊಬ್ಬರು ಗಣ್ಯರು. ನನಗೆ ಅದು ಬೇಡ ಅಂದೆ. ಹಾಗಾದ್ರೆ ನೀನೇ ಒಂದು ಪಟ್ಟಿ ಕೊಡು ಅಂದರು. ಆ ಪಟ್ಟಿಗಾಗಿ ಇಲ್ಲಿ ಕೇಳುತ್ತಿದ್ದೇನೆ.

ಯಾಕೆ ಬೇಡ ಅಂದೆ ಅಂತ ಸ್ವಲ್ಪ ಹೇಳಿಬಿಡುತ್ತೇನೆ. ನಮ್ಮ ಮನೆಗಳಿಗೆ ಕನ್ನಡ ಮೊದಲು ಬಂದದ್ದು ರೇಡಿಯೋದಲ್ಲಿ. 1976ರಲ್ಲಿ ಮಂಗಳೂರು ಆಕಾಶವಾಣಿ ಶುರುವಾದ ಮೇಲೆ ಅದೇ ನಮ್ಮ ಸ್ಟೇಷನ್. ಕನ್ನಡ ವಾರ್ತೆ, ಕೃಷಿ ಕಾರ್ಯಕ್ರಮ, ಯಕ್ಷಗಾನ, ತುಳು ಎಲ್ಲ ಅಲ್ಲಿಂದಲೇ. ಆಮೇಲೆ ಕೇಬಲ್ ಬಂತು. 1993ರಲ್ಲಿ ಮಲಯಾಳಂನ ಏಷ್ಯಾನೆಟ್, 1994ರಲ್ಲಿ ಕನ್ನಡದ ಉದಯ. ಚಂದನದಲ್ಲಿ 2002ರಿಂದ ನಾ. ಸೋಮೇಶ್ವರ ಅವರ 'ಥಟ್ ಅಂತ ಹೇಳಿ' ಬರುತ್ತಿದೆ. ಉತ್ತರ ಹೇಳಿದವರಿಗೆ ಪುಸ್ತಕ ಬಹುಮಾನ ಕೊಡುತ್ತಾರಲ್ಲ, ಅದನ್ನು ನೋಡಿಯೇ ನನ್ನ ತಂಗಿ ಓದುವುದಕ್ಕೆ ಹಿಡಿದದ್ದು. ಅಂದರೆ ಕನ್ನಡ ಟಿವಿಗೆ ನಮ್ಮಲ್ಲಿ ಬರ ಇರಲಿಲ್ಲ. ಆದರೆ ಆ ಟಿವಿಯಲ್ಲಿ ಕಾಸರಗೋಡು ಕಾಣುವುದು ಯಾವಾಗ? ನವೆಂಬರ್ 1ಕ್ಕೆ. ಇಲ್ಲವಾದರೆ ಗಡಿಯಲ್ಲಿ ಏನಾದ್ರೂ ಗಲಾಟೆಯಾದಾಗ. ತಿರುವನಂತಪುರದ ಚಾನೆಲ್‌ಗಳಲ್ಲೋ ನಾವು ರಾಜ್ಯದ ಕೊನೆಯ ಜಿಲ್ಲೆ. ಅಲ್ಲಿ ಹವಾಮಾನ ವರದಿಯಲ್ಲಿ ನಮ್ಮ ಹೆಸರು ತಪ್ಪದೆ ಬರುತ್ತದೆ. ಬೇರೆ ಹೊತ್ತಲ್ಲಿ ಅಪರೂಪ.

ಹಾಗಿರುವಾಗ ಕೈಗೆ ಸಿಕ್ಕಿದ ಅರ್ಧ ಗಂಟೆಯಲ್ಲಿ ಮತ್ತೆ ಕುರ್ಚಿ ಹಾಕಿ ಕೂತರೆ ಏನು ಬಂತು? ನಮ್ಮ ಜನ ಕೆಲಸ ಮಾಡುವುದನ್ನು ಅವರ ಜಾಗಕ್ಕೇ ಹೋಗಿ ಹಿಡಿಯಬೇಕು. ಅವರು ಮನೆಯಲ್ಲಿ ಆಡುವ ಕನ್ನಡದಲ್ಲೇ ಮಾತಾಡಬೇಕು. ಹವ್ಯಕರಾದ್ರೆ ಹವ್ಯಕ, ತುಳು ಮಿಶ್ರ ಆದ್ರೆ ಹಾಗೇ, ಮಧ್ಯೆ ಮಲಯಾಳಂ ಬಂದ್ರೆ ಬರಲಿ. ಸಪ್ತಭಾಷೆಯ ನಾಡು ಅಂತ ಭಾಷಣದಲ್ಲಿ ಹೇಳ್ತಾರೆ. ಅದನ್ನು ತೋರಿಸಲು ಬದಿಯಡ್ಕ ಪೇಟೆಯ ಒಂದು ಜಿನಸಿ ಅಂಗಡಿಯ ಗಲ್ಲಾಪೆಟ್ಟಿಗೆ ಪಕ್ಕ ಕ್ಯಾಮೆರಾ ಇಟ್ಟರೆ ಸಾಕು. ಒಬ್ಬರಿಗೆ ತುಳುವಲ್ಲಿ ಲೆಕ್ಕ ಹೇಳಿ, ಇನ್ನೊಬ್ಬರಿಗೆ ಮಲಯಾಳಂನಲ್ಲಿ ಚಿಲ್ಲರೆ ಕೊಟ್ಟು, ಮೂರನೆಯವರ ಹತ್ತಿರ ಬ್ಯಾರಿಯಲ್ಲಿ ಕ್ಷೇಮ ವಿಚಾರಿಸಿ, ಚೀಟಿ ಮಾತ್ರ ಕನ್ನಡದಲ್ಲಿ ಬರೆಯುವ ಅಂಗಡಿಯವರು ನಮ್ಮಲ್ಲಿ ಎಷ್ಟು ಜನ ಇಲ್ಲ!

ಇನ್ನೊಂದು ವಿಷಯ, ಇದೇ ಮುಖ್ಯ. ಸೀಸನ್ ಅಂತ ಚಾನೆಲ್‌ನವರು ಹೇಳುವುದು ಜೂನ್‌ನಿಂದ. ನಮ್ಮ ಊರಿಗೆ ಅದರದ್ದೇ ಸೀಸನ್ ಇದೆ. ಪತ್ತನಾಜೆಗೆ, ಅಂದರೆ ಮೇ 24ರ ಹೊತ್ತಿಗೆ, ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ದೈವಗಳ ಕೋಲ, ನೇಮ ನಿಲ್ಲುತ್ತದೆ. ಆಮೇಲೆ ಮಳೆ. ಜೂನ್‌ನಲ್ಲಿ ಕ್ಯಾಮೆರಾ ಹೊರಗೆ ತೆಗೆದರೆ ಸಿಗುವುದು ಕೊಡೆ ಮತ್ತು ಕೆಸರು. ಹಾಗಾಗಿ ಬೇಸಿಗೆಯಲ್ಲಿ ಹಿಡಿಯುವುದನ್ನೆಲ್ಲ ಈಗಲೇ ಹಿಡಿದಿಡಬೇಕು. ಮಳೆಗಾಲದಲ್ಲಿ ಹಿಡಿಯುವುದು ಯಾವುದು ಅಂತಲೂ ಬೇರೆ ಮಾಡಿಕೊಳ್ಳಬೇಕು. ಈಗ ಏಪ್ರಿಲ್ ಅರ್ಧ ಮುಗಿದಿದೆ.

ಎರಡು ಪ್ರಶ್ನೆ. ಮಳೆ ಹಿಡಿಯುವ ಮೊದಲು ಬಿಡಲೇಬಾರದ್ದು ಏನು? ಮಲಯಾಳಂ ಸಬ್‌ಟೈಟಲ್ ಹಾಕಬೇಕಾ?

---

ಪೆರ್ಲದ ಅಕ್ಕ

ತಮ್ಮಾ, ಮೊದಲು ಸುರಂಗಕ್ಕೆ ಬಾ. ಬಾಯಾರು, ಎಣ್ಮಕಜೆ, ಪಡ್ರೆ ಕಡೆ ಗುಡ್ಡದ ಮನೆಗಳಲ್ಲಿ ಕುಡಿಯುವ ನೀರು ಇಂದಿಗೂ ಸುರಂಗದ್ದೇ. ಅದನ್ನು ಏಪ್ರಿಲ್, ಮೇ ತಿಂಗಳಲ್ಲೇ ತೋರಿಸಬೇಕು. ಬಾವಿಯ ತಳ ಕಾಣುವ ಹೊತ್ತಿನಲ್ಲೂ ಅಲ್ಲಿಂದ ಹೆಬ್ಬೆರಳು ಗಾತ್ರ ನೀರು ಬರ್ತಾ ಇರುತ್ತದಲ್ಲ, ಆಗಲೇ ಅದರ ಬೆಲೆ ಗೊತ್ತಾಗುವುದು. ಜುಲೈಯಲ್ಲಿ ಹಿಡಿದರೆ ಎಲ್ಲ ಕಡೆ ನೀರೇ, ಯಾರಿಗೆ ವಿಶೇಷ ಅನಿಸುತ್ತದೆ?

ನಮ್ಮದು ಅಜ್ಜನ ಕಾಲದ್ದು. ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ ಕೊರೆದದ್ದು, ಒಬ್ಬ ಮನುಷ್ಯ ನೇರ ನಡೆದು ಹೋಗುವಷ್ಟು ಎತ್ತರ, ಭುಜ ತಾಗುವಷ್ಟು ಅಗಲ. ಅಳತೆ ಎಲ್ಲ ಕೋಲಿನ ಲೆಕ್ಕ. ಪಿಕ್ಕಾಸಿನಲ್ಲಿ ಕಡಿಯುವುದು, ಮಣ್ಣು ಹೊರಗೆ ಎಳೆದು ಹಾಕುವುದು. ಒಳಗೆ ಕೆಲಸ ಮಾಡುವವರು ಪಕ್ಕದಲ್ಲಿ ಒಂದು ಮೇಣದ ಬತ್ತಿ ಹಚ್ಚಿಡುತ್ತಾರೆ. ಬತ್ತಿ ಮಂಕಾದರೆ ಉಸಿರಾಟದ ಗಾಳಿ ಕಮ್ಮಿಯಾಯಿತು ಅಂತ ಲೆಕ್ಕ. ತಕ್ಷಣ ಹೊರಗೆ ಬರಬೇಕು. ತುಂಬಾ ಉದ್ದ ಹೋದರೆ ಮೇಲಿನಿಂದ ಗಾಳಿಗೆ ಒಂದು ತೂತು ಕೊರೆಯುತ್ತಾರೆ. ನೀರು ಸಿಕ್ಕಿದ ಮೇಲೆ ಪಂಪು ಬೇಡ, ಕರೆಂಟು ಬೇಡ. ಇಳಿಜಾರಿನಲ್ಲಿ ತಾನಾಗಿ ಹರಿದು ಅಂಗಳದ ಟ್ಯಾಂಕಿಗೆ ಬೀಳುತ್ತದೆ. ಮೊದಲು ಅಡಿಕೆ ಮರದ ದಂಬೆ ಇತ್ತು, ಈಗ ಪೈಪು. ನಮ್ಮ ಕಡೆಯ ನೀರಿನ ವಿಷಯ ಪತ್ರಕರ್ತ ಶ್ರೀ ಪಡ್ರೆಯವರು ಎಷ್ಟೋ ವರ್ಷದಿಂದ ಬರೆಯುತ್ತಿದ್ದಾರೆ. ಓದಿದವರಿಗೆ ಗೊತ್ತು. ಆದರೆ ಕೊರೆಯುವವರು ಮಾತಾಡಿದ್ದನ್ನು ಟಿವಿಯಲ್ಲಿ ನೋಡಿದವರು ಕಡಿಮೆ. ಕೊರೆಯುವವರಿಗೆ ಈಗ ವಯಸ್ಸಾಗಿದೆ. ಗುಡ್ಡದ ಮೇಲೆ ನಿಂತು, ಮರ ಗಿಡ ನೋಡಿ ಇಲ್ಲಿ ನೀರಿದೆ ಅಂತ ಹೇಳುತ್ತಾರೆ. ಹೇಗೆ ಅಂತ ಅವರ ಬಾಯಲ್ಲೇ ಹೇಳಿಸು.

ಇನ್ನೊಂದು ಮಾತು. ನಮ್ಮ ಪಂಚಾಯತು ಅಂದ ಕೂಡಲೇ ಚಾನೆಲ್‌ನವರೆಲ್ಲ ಎಂಡೋಸಲ್ಫಾನ್ ಅಂತ ಬರುತ್ತಾರೆ. ಗೇರುತೋಟಕ್ಕೆ ಹೆಲಿಕಾಪ್ಟರಿನಲ್ಲಿ ಆ ಕೀಟನಾಶಕದ ವಿಷ ಬಿಟ್ಟದ್ದು ಎಪ್ಪತ್ತರ ದಶಕದ ಕೊನೆಯಿಂದ 2000ದವರೆಗೆ. ದೇಶದಲ್ಲಿ ನಿಷೇಧ ಆದದ್ದು 2011ರಲ್ಲಿ. ಪರಿಹಾರ ಕೊಡಿ ಅಂತ ಸುಪ್ರೀಂ ಕೋರ್ಟು ಹೇಳಿದ್ದು 2017ರಲ್ಲಿ. ಇದೆಲ್ಲ ತೋರಿಸಬೇಕು, ಬೇಡ ಅನ್ನುವುದಿಲ್ಲ. ಆದರೆ ಆ ವಿಷದಿಂದ ಕಾಯಿಲೆಯಾದ ಮಕ್ಕಳ ಮೈಯನ್ನು ಹತ್ತಿರದಿಂದ ತೋರಿಸಬೇಡ. ಎಲ್ಲರೂ ಅದನ್ನೇ ಮಾಡಿದರು. ಕ್ಯಾಮೆರಾ ಬಂದು ಹೋಯಿತು, ತಾಯಂದಿರ ದಿನ ಹಾಗೇ ಉಳಿಯಿತು. ತೋರಿಸುವುದಾದರೆ ಒಬ್ಬ ತಾಯಿ ಬೆಳಿಗ್ಗೆ ಎದ್ದ ಮೇಲೆ ಏನೇನು ಮಾಡುತ್ತಾಳೆ, ಮದ್ದಿಗೆ ಎಲ್ಲಿಗೆ ಹೋಗುತ್ತಾಳೆ, ಯಾವ ಬಸ್ಸು ಹಿಡಿಯುತ್ತಾಳೆ, ಅದನ್ನು ತೋರಿಸು. ಅವಳನ್ನು ಕೇಳಿ, ಒಪ್ಪಿದರೆ ಮಾತ್ರ.

---

ಮುಳ್ಳೇರಿಯ ಕ್ಯಾಮೆರಾ

ಅಕ್ಕಾ, ಸುರಂಗ ಖಂಡಿತ. ಒಳಗೆ ತಲೆಗೆ ಕಟ್ಟುವ ಎಲ್‌ಇಡಿ ಲೈಟು ಸಾಕು. ದೊಡ್ಡ ಲೈಟು ಹಿಡಿದರೆ ಕಲ್ಲಿನ ಬಣ್ಣ ಸತ್ತುಹೋಗುತ್ತದೆ. ಆ ಮೇಣದ ಬತ್ತಿಯ ಬೆಳಕಿನಲ್ಲೂ ಸ್ವಲ್ಪ ಹಿಡಿಯುತ್ತೇನೆ. ಎರಡನೇ ವಿಷಯ ನೀವು ಹೇಳಿದ ಹಾಗೆಯೇ. ಮಗುವನ್ನು ತೋರಿಸದೆ ಆ ಮನೆಯ ದಿನ ತೋರಿಸಬಹುದು. ಎಡಿಟ್ ಆದ ಮೇಲೆ ಆ ತಾಯಿಗೆ ಮೊದಲು ತೋರಿಸಿ, ಅವರು ಹೂಂ ಅಂದ ಮೇಲೆಯೇ ಚಾನೆಲ್‌ಗೆ ಕೊಡುವುದು. ಚಾನೆಲ್‌ನವರ ಹತ್ತಿರ ಇದನ್ನು ಮೊದಲೇ ಮಾತಾಡಿ ಇಡುತ್ತೇನೆ.

---

ಹಿಮ್ಮೇಳದವ

ನಾನು ಮದ್ದಳೆ ಬಾರಿಸುವವನು, ಕುಂಬಳೆ ಸೀಮೆಯವನು. ಯಕ್ಷಗಾನದ ಕವಿ ಪಾರ್ತಿಸುಬ್ಬನ ಊರಿನವ ಅಂತ ಹೇಳಿಕೊಳ್ಳಲು ಹೆಮ್ಮೆ. ಯಕ್ಷಗಾನ ಹಿಡಿಯುವುದಾದರೆ ರಂಗಸ್ಥಳ ಬಿಡಿ, ವೇಷ ಕಟ್ಟುವ ಚೌಕಿಗೆ ಬನ್ನಿ. ರಂಗಸ್ಥಳದ ವಿಡಿಯೋ ಯೂಟ್ಯೂಬಿನಲ್ಲಿ ರಾಶಿ ಬಿದ್ದಿದೆ. ಬಣ್ಣದ ವೇಷದವರು ಕನ್ನಡಿ ಎದುರು ಕೂತು ಅಕ್ಕಿಹಿಟ್ಟು, ಸುಣ್ಣ ಕಲಸಿ ಮುಖದ ಮೇಲೆ ಒಂದೊಂದೇ ಬಿಳಿ ಚುಟ್ಟಿ ಇಡುವುದನ್ನು ಪೂರ್ತಿ ನೋಡಿದವರು ಎಷ್ಟು ಜನ? ಗಂಟೆಗಟ್ಟಲೆ ಹಿಡಿಯುತ್ತದೆ. ಅವರು ಆ ಹೊತ್ತಿನಲ್ಲಿ ಮಾತು ಕಮ್ಮಿ, ಮುಖ ಅಲ್ಲಾಡಿಸುವ ಹಾಗಿಲ್ಲ. ಆದರೆ ಪಕ್ಕದಲ್ಲಿ ಕೂತ ಸ್ತ್ರೀವೇಷದವರು, ಹಾಸ್ಯದವರು ಎಲ್ಲ ಕಥೆ ಹೇಳ್ತಾರೆ. ಪತ್ತನಾಜೆ ಕಳೆದರೆ ಚೌಕಿಯೇ ಇಲ್ಲ, ಆಮೇಲೆ ನವೆಂಬರ್‌ವರೆಗೆ ಕಾಯಬೇಕು.

ಇನ್ನು ಸ್ವರದ ವಿಷಯ. ದಯವಿಟ್ಟು ಇದನ್ನು ಕೇಳಿ. ವಿಡಿಯೋದವರು ಕ್ಯಾಮೆರಾದ ಮೈಕಿನಲ್ಲೇ ರೆಕಾರ್ಡ್ ಮಾಡಿದರೆ ಚೆಂಡೆ ಬಿಟ್ಟು ಬೇರೆ ಏನೂ ಕೇಳುವುದಿಲ್ಲ. ಹಾಡುವ ಭಾಗವತರ ಪದ ಎಲ್ಲೋ ದೂರದಲ್ಲಿ. ಸೌಂಡಿನವರ ಮಿಕ್ಸರಿನಿಂದ ಲೈನ್ ತೆಗೆದರೆ ಪದ ಚೆನ್ನಾಗಿ ಬರುತ್ತದೆ, ಆಗ ಚೆಂಡೆ ಇಲ್ಲ. ಯಾಕೆಂದರೆ ಚೆಂಡೆಗೆ ಮೈಕು ಬೇಕಾಗುವುದೇ ಇಲ್ಲ, ಅದು ಹಾಗೇ ಬಯಲಿಗೆಲ್ಲ ಕೇಳುತ್ತದೆ. ಎರಡನ್ನೂ ಬೇರೆ ಬೇರೆ ತೆಗೆದು ಆಮೇಲೆ ಕೂಡಿಸಿ. ಮದ್ದಳೆಯ ಎಡದ ಸ್ವರ ಕೇಳುವ ಹಾಗೆ ಇಡಿ. ಅದು ಕೇಳದಿದ್ದರೆ ನಾವು ರಾತ್ರಿಯಿಡೀ ಕೂತದ್ದು ವ್ಯರ್ಥ.

ಮಳೆಗಾಲಕ್ಕೆ ತಾಳಮದ್ದಳೆ ಇದೆ. ವೇಷ ಇಲ್ಲ, ಕುಣಿತ ಇಲ್ಲ, ಮನೆಯ ಚಾವಡಿಯಲ್ಲೇ ನಡೆಯುತ್ತದೆ. ಪಾತ್ರದ ಮಾತನ್ನು ಕೂತಲ್ಲೇ ಹೇಳುವುದು, ಅದಕ್ಕೇ ಅರ್ಥ ಅನ್ನುವುದು. ನಿಮ್ಮ ಖರ್ಚಿಗೂ ಅನುಕೂಲ. ಶೇಣಿ ಗೋಪಾಲಕೃಷ್ಣ ಭಟ್ಟರು, ಕುಂಬ್ಳೆ ಸುಂದರ ರಾಯರು ಅರ್ಥ ಹೇಳಿದ ಸೀಮೆ ಇದು. ಅವರ ಕ್ಯಾಸೆಟ್ಟು ಕೇಳಿ ಕನ್ನಡ ಕಲಿತ ಅಂಗಡಿಯವರು, ರಿಕ್ಷಾದವರು ನಮ್ಮಲ್ಲಿದ್ದಾರೆ. ಈಗಿನ ಹುಡುಗರು ಅರ್ಥ ಹೇಳುವುದನ್ನು ಹಿಡಿಯಿರಿ. ಪ್ರಸಂಗ ಪೂರ್ತಿ ಬೇಡ, ಒಂದು ಸಂವಾದ ಸಾಕು. ಆದರೆ ಅದನ್ನು ಮಧ್ಯೆ ಕತ್ತರಿಸಬೇಡಿ. ವಾದ ಏರುತ್ತಾ ಹೋಗುವುದರಲ್ಲೇ ಅದರ ರುಚಿ.

---

ಉಪ್ಪಳದ ಕೇಬಲ್ ಕೆಲಸದವ

ಒಂದು ಪ್ರಾಕ್ಟಿಕಲ್ ವಿಷಯ ಹೇಳ್ತೇನೆ ಅಣ್ಣ. ಲೋಕಲ್ ಚಾನೆಲ್ ಅಂದರೆ ಸರ್ಕಾರದ ಲೆಕ್ಕದಲ್ಲಿ 'ಪ್ಲಾಟ್‌ಫಾರ್ಮ್ ಸರ್ವಿಸ್'. ಅದು ಆ ಕೇಬಲ್ ನೆಟ್‌ವರ್ಕ್ ಒಳಗೆ ಮಾತ್ರ ಓಡುತ್ತದೆ. ಸ್ಯಾಟಲೈಟ್ ಚಾನೆಲ್ ಅಲ್ಲ. ಹಾಗಾಗಿ ಡಿಶ್ ಹಾಕಿಸಿಕೊಂಡ ಮನೆಗೆ ನಿಮ್ಮ ಅರ್ಧ ಗಂಟೆ ಹೋಗುವುದೇ ಇಲ್ಲ. ಗುಡ್ಡದ ಮೇಲಿನ ಒಂಟಿ ಮನೆಗಳಿಗೆ ಕೇಬಲ್ ಎಳೆಯುವುದು ಕಷ್ಟ. ಅಲ್ಲೆಲ್ಲ ಡಿಶ್ಶೇ. ಅಂದರೆ ಪೆರ್ಲದ ಅಕ್ಕನ ಮನೆಯ ಸುರಂಗ ತೋರಿಸಿದರೆ, ಅದನ್ನು ಅವರೇ ಟಿವಿಯಲ್ಲಿ ನೋಡಲು ಆಗದೆ ಇರಬಹುದು!

2019ರ ಫೆಬ್ರವರಿಯಲ್ಲಿ ಹೊಸ ನಿಯಮ ಬಂತಲ್ಲ, 130 ರೂಪಾಯಿಗೆ ನೂರು ಚಾನೆಲ್, ಅದರ ಮೇಲೆ ಬೇಕಾದ್ದನ್ನು ಆರಿಸಿ ದುಡ್ಡು ಕೊಡಿ ಅಂತ. ಆಗ ತುಂಬಾ ಮನೆಗಳಲ್ಲಿ ಮಲಯಾಳಂ ಪ್ಯಾಕ್ ಹಾಕಿಸಿಕೊಂಡರು. ಕನ್ನಡ ಬೇಕು ಅಂದ್ರೆ ಮೇಲಿನಿಂದ ಇನ್ನೊಂದು ಪ್ಯಾಕ್, ಇನ್ನಷ್ಟು ದುಡ್ಡು. ಮಕ್ಕಳು ಹೇಗೂ ಫೋನಿನಲ್ಲಿ ನೋಡ್ತಾರೆ, ಬೇಡ ಅಂತ ಬಿಟ್ಟವರೇ ಜಾಸ್ತಿ. ಕೆಲವು ಮನೆಯ ಅಜ್ಜಿಯರು ನನಗೆ ಫೋನ್ ಮಾಡಿ, ನಮ್ಮ ಸೀರಿಯಲ್ ಎಲ್ಲಿಗೆ ಹೋಯಿತು ಅಂತ ಕೇಳಿದ್ದಾರೆ. ಚಂದನ ಮಾತ್ರ ಡಿಡಿ ಫ್ರೀ ಡಿಶ್‌ನಲ್ಲಿ ತಿಂಗಳ ಬಾಡಿಗೆ ಇಲ್ಲದೆ ಸಿಗುತ್ತದೆ. ಅದೊಂದು ಗೊತ್ತಿದ್ದರೆ ಅಜ್ಜಿಯರಿಗೆ ಹೇಳಿ.

ಹಾಗಾಗಿ ಚಾನೆಲ್‌ನವರ ಹತ್ತಿರ ಈಗಲೇ ಬರೆಸಿಕೊಳ್ಳಿ: ಟಿವಿಯಲ್ಲಿ ಬಂದ ಮರುದಿನ ಯೂಟ್ಯೂಬಿಗೆ ಹಾಕಬೇಕು, ವಿಡಿಯೋ ನಿಮ್ಮ ಹತ್ತಿರವೂ ಇರಬೇಕು ಅಂತ. ಸಬ್‌ಟೈಟಲ್ ಹಾಕಿ. ನನ್ನ ಕನೆಕ್ಷನ್‌ಗಳಲ್ಲಿ ಅರ್ಧಕ್ಕೂ ಹೆಚ್ಚು ಮನೆ ಮಲಯಾಳಂ, ಬ್ಯಾರಿ ಮಾತಾಡುವವರದ್ದು. ಅವರೂ ಈ ಊರಿನವರೇ, ಅಲ್ವಾ? ಅಕ್ಷರ ದೊಡ್ಡದಾಗಿ ಹಾಕಿ. ಹಳೇ ಟಿವಿಯಲ್ಲಿ ಕೆಳಗಿನ ಸಾಲು ಕತ್ತರಿಸಿ ಹೋಗುತ್ತದೆ.

---

ಶಾರ್ಜಾದಿಂದ ಮಂಜೇಶ್ವರದವ

ಯೂಟ್ಯೂಬಿಗೆ ನನ್ನದೂ ಒಂದು ವೋಟು. ನಾವಿಲ್ಲಿ ಒಂದು ಫ್ಲ್ಯಾಟಿನಲ್ಲಿ ಆರು ಜನ, ಎಲ್ಲ ಮಂಜೇಶ್ವರ, ಉಪ್ಪಳ, ಕುಂಬಳೆಯವರು. ನಿಮ್ಮ ರಾತ್ರಿ ಎಂಟು ಅಂದರೆ ನಮಗೆ ಸಂಜೆ ಆರೂವರೆ, ಆಗ ಯಾರೂ ರೂಮಿಗೆ ಬಂದಿರುವುದಿಲ್ಲ. ಶನಿವಾರ ರಾತ್ರಿ ಊಟದ ಹೊತ್ತಿಗೆ ಒಟ್ಟಿಗೆ ನೋಡುತ್ತೇವೆ. ನನಗೆ ಬೇಕಾದ್ದು ಹೇಳಲಾ? ಪೇಟೆಯ ರಸ್ತೆ. ಹೊಸಂಗಡಿಯಿಂದ ಕಾಸರಗೋಡಿನವರೆಗೆ ಹೆದ್ದಾರಿ ಅಗಲ ಮಾಡಿದ ಮೇಲೆ ಪ್ರತಿ ಸಲ ಊರಿಗೆ ಬಂದಾಗಲೂ ಎಲ್ಲಿ ಇಳಿಯಬೇಕು ಅಂತ ಗೊತ್ತಾಗುವುದಿಲ್ಲ. ಹಳೇ ಅಂಗಡಿಯವರು ಈಗ ಎಲ್ಲಿದ್ದಾರೆ, ಅವರನ್ನು ಹುಡುಕಿ ಮಾತಾಡಿಸಿ. ನಮ್ಮ ಗೋವಿಂದ ಪೈಗಳ ಮನೆ 'ಗಿಳಿವಿಂಡು' ಕೂಡ ಒಂದು ವಾರ ಇರಲಿ.

---

ನವೆಂಬರ್ ಒಂದು

ಗಡಿ ವಿಷಯ ಬೇಡ ಅನ್ನುವ ಹಾಗೆ ಬರೆದಿದ್ದೀರಿ. ನನಗೆ ಅದು ಸರಿ ಕಾಣುವುದಿಲ್ಲ. 1956ರಲ್ಲಿ ದಕ್ಷಿಣ ಕನ್ನಡದಿಂದ ಬೇರೆಯಾಗಿ ಕೇರಳಕ್ಕೆ ಸೇರಿದೆವು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕು ಅಂತ ಮಹಾಜನ ಆಯೋಗ 1967ರಲ್ಲಿ ಹೇಳಿತು. ಆಗಲಿಲ್ಲ. ಕವಿ ಕಯ್ಯಾರ ಕಿಞ್ಞಣ್ಣ ರೈಗಳು ನೂರು ವರ್ಷ ಬದುಕಿ 2015ರಲ್ಲಿ ತೀರಿಕೊಂಡರು. ಕೊನೆಯವರೆಗೂ ಅದೇ ಅವರ ಮನಸ್ಸಿನಲ್ಲಿತ್ತು. ಕನ್ನಡ ಕಾರ್ಯಕ್ರಮದಲ್ಲೇ ಇದು ಬರದಿದ್ದರೆ ಮತ್ತೆಲ್ಲಿ ಬರಬೇಕು? ಸುರಂಗ, ಚೌಕಿ ಎಲ್ಲ ಚಂದ. ಆದರೆ ಶಾಲೆಯಲ್ಲಿ ಕನ್ನಡ ಗೊತ್ತಿಲ್ಲದ ಟೀಚರ್ ಬಂದು ಕೂತಾಗ ಮಕ್ಕಳಿಗೆ ಆಗುವ ಕಷ್ಟವೂ ಊರಿನ ಸುದ್ದಿಯೇ.

---

ಮುಳ್ಳೇರಿಯ ಕ್ಯಾಮೆರಾ

ನಿಮ್ಮ ಮಾತಿಗೆ ಬೆಲೆ ಇದೆ. ಇದನ್ನು ಬಿಡಬೇಕು ಅಂತ ನಾನು ಹೇಳುವುದಿಲ್ಲ. ಮಾಡುವ ರೀತಿ ಬೇರೆ ಇರಲಿ ಅಂತ. ವೇದಿಕೆಯ ಭಾಷಣ ಹಿಡಿದರೆ ಎಲ್ಲರಿಗೂ ಗೊತ್ತಿರುವುದೇ ಮತ್ತೆ ಬರುತ್ತದೆ. 1956ರಲ್ಲಿ ಹತ್ತು ಹನ್ನೆರಡು ವರ್ಷದವರಾಗಿದ್ದವರಿಗೆ ಈಗ ಎಂಬತ್ತು ಆಗಿದೆ. ಅವರು ಶಾಲೆಯಲ್ಲಿದ್ದರು. ಆ ವರ್ಷ ಪುಸ್ತಕ ಬದಲಾಯಿತಾ? ಕಂದಾಯ ಕಟ್ಟುವ ಕಚೇರಿಯಲ್ಲಿ ಅಪ್ಪ ಅರ್ಜಿ ಬರೆಸಿದ್ದು ಯಾರ ಹತ್ತಿರ? ಮಂಗಳೂರಿಗೆ ಕಾಲೇಜಿಗೆ ಹೋದವರಿಗೆ ಏನಾಯಿತು? ಇದನ್ನು ಅವರ ಮನೆಯ ಜಗಲಿಯಲ್ಲೇ ಕೂತು ಕೇಳಬೇಕು. ಇಂಥ ಮೂರು ನಾಲ್ಕು ಹಿರಿಯರ ಹೆಸರು ನನಗೆ ಮೆಸೇಜಿನಲ್ಲಿ ಕಳಿಸ್ತೀರಾ? ಮಳೆಗಾಲಕ್ಕೆ ಕಾಯುವುದು ಬೇಡ, ಅವರ ಆರೋಗ್ಯ ಹೇಗಿರುತ್ತದೋ. ಈ ತಿಂಗಳೇ ಹೋಗುತ್ತೇನೆ. ಶಾಲೆಯ ವಿಷಯವೂ ಇರಲಿ, ಜೂನ್‌ನಲ್ಲಿ ಶಾಲೆ ತೆರೆದ ಮೇಲೆ.

---

ನೀರ್ಚಾಲು ಕನ್ನಡ ಟೀಚರ್

ಶಾಲೆಯ ಮಾತು ಬಂದದ್ದಕ್ಕೆ ಬರೆಯುತ್ತಿದ್ದೇನೆ. 2020ರ ಜೂನ್‌ನಲ್ಲಿ, ಕೊರೋನಾ ಕಾಲದಲ್ಲಿ, ಕೇರಳ ಸರ್ಕಾರದ ಶಿಕ್ಷಣ ಚಾನೆಲ್ ವಿಕ್ಟರ್ಸ್‌ನಲ್ಲಿ ಫಸ್ಟ್ ಬೆಲ್ ಅನ್ನುವ ಟಿವಿ ಕ್ಲಾಸ್ ಶುರುವಾದಾಗ ನಮ್ಮ ಮಕ್ಕಳು ಮೊದಲು ನೋಡಿದ್ದು ಮಲಯಾಳಂ ಪಾಠ. ಆಮೇಲೆ ಕನ್ನಡ ಮಾಧ್ಯಮಕ್ಕೂ ಪಾಠಗಳು ತಯಾರಾದವು. ಆಗ ಒಂದು ಸಂಗತಿ ಗಮನಿಸಿದೆ. ಪಾಠ ಹೇಳುವವರು ನಮ್ಮ ಕಡೆಯ ರಾಗದಲ್ಲಿ ಮಾತಾಡಿದರೆ ಮಕ್ಕಳು ಕೊನೆಯವರೆಗೂ ಕೂರುತ್ತಿದ್ದರು. ತಾಯಂದಿರೂ ಪಕ್ಕದಲ್ಲಿ ಕೂತು ಕೇಳುತ್ತಿದ್ದರು. ನೀವು ಮನೆಯ ಕನ್ನಡ ಇರಲಿ ಅಂದಿರಲ್ಲ, ಅದನ್ನು ಬಿಡಬೇಡಿ. ಚಾನೆಲ್‌ನವರು ಎಷ್ಟೇ ಹೇಳಿದರೂ ಬಿಡಬೇಡಿ.

ಮಕ್ಕಳಿಗೇ ಒಂದು ವಾರ ಕೊಡಿ. ಆಟಿ ತಿಂಗಳಲ್ಲಿ, ಜುಲೈ ಕೊನೆ, ಆಗಸ್ಟ್ ಮೊದಲು. ಆಟಿ ಅಮಾವಾಸ್ಯೆಯ ದಿನ ಬೆಳಕು ಹರಿಯುವ ಮೊದಲು ಪಾಲೆ ಮರದ ಕೆತ್ತೆ, ಅಂದರೆ ತೊಗಟೆ, ತರುತ್ತಾರಲ್ಲ, ಕತ್ತಿ ತಾಗಿಸದೆ ಕಲ್ಲಿನಲ್ಲಿ ಜಜ್ಜಿ. ಆ ಕಷಾಯ ಕುಡಿಯುವಾಗ ಮಕ್ಕಳ ಮುಖ ನೋಡಬೇಕು. ಅದನ್ನು ಯಾಕೆ ಕುಡಿಯುವುದು ಅಂತ ಮಕ್ಕಳೇ ತಮ್ಮ ಅಜ್ಜಿಯನ್ನು ಕೇಳಲಿ, ನೀವು ಸುಮ್ನೆ ಹಿಡಿಯುತ್ತಾ ನಿಲ್ಲಿ. ಪಾಲೆ ಮರ ಯಾವುದು ಅಂತ ಸರಿಯಾಗಿ ಗುರುತಿರುವ ಹಿರಿಯರು ಜೊತೆಗಿರಲಿ, ಬೇರೆ ಮರದ ಕೆತ್ತೆ ತಂದರೆ ಅಪಾಯ.

ಕಾಸರಗೋಡಿನ ಯಕ್ಷಗಾನ ಗೊಂಬೆಯಾಟವನ್ನೂ ಮಕ್ಕಳ ವಾರಕ್ಕೆ ಸೇರಿಸಿ. ಪರದೆಯ ಮುಂದೆ ಗೊಂಬೆ ಮಾತ್ರ ಕಾಣುತ್ತದೆ. ಮಕ್ಕಳಿಗೆ ಬೇಕಾದ್ದು ಮೇಲೆ ನಿಂತು ಸೂತ್ರ ಆಡಿಸುವವರ ಬೆರಳು.

---

ಅಡಿಕೆ ತೋಟ, ಮುಳಿಯಾರು

ತಡವಾಗಿ ನೋಡಿದೆ. ಕೃಷಿ ಇಲ್ಲದ ಲೋಕಲ್ ಕಾರ್ಯಕ್ರಮ ನಮ್ಮಲ್ಲಿ ಯಾರಿಗೆ ಬೇಕು ಮಾರಾಯ್ರೆ? ಅಡಿಕೆಗೆ ಮದ್ದು ಬಿಡುವುದು ಹಾಕಿ. ಅದೂ ಹೊತ್ತಿಗೆ ಸರಿಯಾಗಿ. ಕೊಳೆರೋಗ ಬಂದ ಮೇಲೆ ಆಗಸ್ಟಿನಲ್ಲಿ ಟಿವಿಯಲ್ಲಿ ತಜ್ಞರು ಬಂದು ಹೇಳಿದರೆ ಉದುರಿದ ಕಾಯಿ ಮರಕ್ಕೆ ಹೋಗುತ್ತದಾ? ಮೊದಲ ಸಲ ಬಿಡುವುದು ಮಳೆ ಬರುವ ಮುಂಚೆ, ಮೇ ಕೊನೆಗೆ. ಎರಡನೆಯದು ನಲವತ್ತು ನಲವತ್ತೈದು ದಿನ ಕಳೆದು, ಬಿಸಿಲು ನೋಡಿಕೊಂಡು. ನೀವು ಮೇಯಲ್ಲಿ ಹಿಡಿದು ಜುಲೈ ಮೊದಲ ವಾರ ಹಾಕಿದರೆ ಎರಡನೇ ಸಲಕ್ಕೆ ಉಪಯೋಗ ಆಗುತ್ತದೆ.

ಆ ಮದ್ದು, ಬೋರ್ಡೋ, ಮಾಡುವುದು ಎಲ್ಲರಿಗೂ ಗೊತ್ತು ಅಂದುಕೊಳ್ಳಬೇಡಿ. ಹೊಸ ಹುಡುಗರು ಅಳತೆ ತಪ್ಪಿಸುತ್ತಾರೆ. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಕರಗಿಸಿ, ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕು, ಕಲಕುತ್ತಾ. ಕಬ್ಬಿಣದ ಪಾತ್ರೆ ಬೇಡ. ಕೊನೆಗೆ ಹೊಳೆಯುವ ಕಬ್ಬಿಣದ ಕತ್ತಿಯನ್ನು ಸ್ವಲ್ಪ ಹೊತ್ತು ಅದ್ದಿ ನೋಡುವುದು. ಕತ್ತಿಗೆ ಕೆಂಪು ಬಣ್ಣ ಹಿಡಿದರೆ ಸುಣ್ಣ ಸಾಲದು, ಇನ್ನೂ ಹಾಕಬೇಕು. ಆ ಕತ್ತಿಯನ್ನು ನೀವು ಹತ್ತಿರದಿಂದ ತೋರಿಸಿದರೆ ಸಾಕು, ನೂರು ಮಾತು ಬೇಡ. ಕೇಂದ್ರ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ, ಸಿಪಿಸಿಆರ್‌ಐ, ನಮ್ಮ ಮನೆ ಬಾಗಿಲಲ್ಲೇ ಇದೆ. ತೆಂಗಿನ ಸಂಶೋಧನೆ ಅಲ್ಲಿ ಶುರುವಾದದ್ದು 1916ರಲ್ಲಿ. ಅಲ್ಲಿಯ ವಿಜ್ಞಾನಿಗಳನ್ನು ತೋಟಕ್ಕೇ ಕರೆಸಿ. ನಮ್ಮ ಪ್ರಶ್ನೆಗೆ ಮರದ ಬುಡದಲ್ಲಿ ನಿಂತು ಉತ್ತರ ಹೇಳಲಿ.

ಮರ ಹತ್ತುವವರನ್ನೂ ಮರೆಯಬೇಡಿ. ಒಂದು ಮರದಿಂದ ಇನ್ನೊಂದು ಮರಕ್ಕೆ ಬಾಗಿ ದಾಟುವವರು ಈಗ ಬೆರಳೆಣಿಕೆ. ಕಾರ್ಬನ್ ಫೈಬರ್ ದೋಟಿ ಬಂದು ನೆಲದಲ್ಲೇ ನಿಂತು ಮದ್ದು ಬಿಡುತ್ತಾರೆ. ಒಳ್ಳೆಯದೇ, ಬಿದ್ದು ಸೊಂಟ ಮುರಿದುಕೊಂಡವರ ಮನೆ ನಾನು ನೋಡಿದ್ದೇನೆ. ಆದರೂ ಹತ್ತುವವರ ಒಂದು ದಿನ ರೆಕಾರ್ಡಿನಲ್ಲಿ ಇರಲಿ.

---

ಮುಳ್ಳೇರಿಯ ಕ್ಯಾಮೆರಾ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಚಾನೆಲ್‌ನವರಿಗೆ ಪಟ್ಟಿ ಕಳಿಸಿದೆ. ಸ್ಟುಡಿಯೋ ಕೈಬಿಟ್ಟಿದ್ದಾರೆ. ಯೂಟ್ಯೂಬಿಗೆ ಒಪ್ಪಿದ್ದಾರೆ, ಎರಡು ದಿನ ಬಿಟ್ಟು. ಮಲಯಾಳಂ ಸಬ್‌ಟೈಟಲ್‌ಗೆ ಅವರಲ್ಲಿ ಜನ ಇಲ್ಲವಂತೆ. ನನ್ನ ಹೆಂಡತಿ ಮಲಯಾಳಂ ಮಾಧ್ಯಮದಲ್ಲಿ ಓದಿದವಳು, ಅವಳು ಮಾಡಿಕೊಡುತ್ತೇನೆ ಅಂದಿದ್ದಾಳೆ. ಆಂಕರ್ ಇರಲೇಬೇಕು ಅಂತ ಹಠ ಹಿಡಿದಿದ್ದಾರೆ. ಅದಕ್ಕೆ ಒಂದು ದಾರಿ ಹುಡುಕಿದ್ದೇನೆ: ಪ್ರತಿ ವಾರ ಆ ಊರಿನವರೇ ಒಬ್ಬರು ಬಾಗಿಲಲ್ಲಿ ನಿಂತು ಕರೆದುಕೊಂಡು ಹೋಗಲಿ. ಕ್ಯಾಮೆರಾಗೆ ಹೆದರದವರು ಯಾರಾದ್ರೂ ಆದೀತು.

ಈಗಿನ ಓಟ ಹೀಗೆ. ಈ ತಿಂಗಳ ಕೊನೆಗೆ ಸುರಂಗ ಮತ್ತು ಹಿರಿಯರ ಮಾತು. ಮೇ ಮೊದಲ ಎರಡು ವಾರ ಚೌಕಿ. ಹಿಮ್ಮೇಳದ ಅಣ್ಣಾ, ಯಾವ ಆಟಕ್ಕೆ ಬರಲಿ, ಮೇಳದ ಯಜಮಾನರ ಹತ್ತಿರ ನೀವೇ ಒಂದು ಮಾತು ಹೇಳಿಡಿ. 50 ಹರ್ಟ್ಸ್ ಕರೆಂಟಿನಲ್ಲಿ ಎಲ್‌ಇಡಿ ಲೈಟು ಮಿಟುಕುವುದು ಕಾಣದ ಹಾಗೆ ಶಟರ್ 1/50ರಲ್ಲೇ ಇಡುತ್ತೇನೆ. ಎಕ್ಸ್‌ಪೋಷರ್ ಆಟೋದಲ್ಲಿ ಬಿಡುವುದಿಲ್ಲ. ಹಿಂದಿನ ಕತ್ತಲೆಗೆ ಕ್ಯಾಮೆರಾ ಬೆಳಕು ಏರಿಸಿಬಿಟ್ಟರೆ ಚುಟ್ಟಿಯ ಬಿಳಿ ಎಲ್ಲ ಕರಗಿ ಒಂದಾಗುತ್ತದೆ. ಮದ್ದಳೆಯ ಪಕ್ಕ ಒಂದು ಸಣ್ಣ ಮೈಕು ಇಡಲು ಜಾಗ ಕೊಡಿ. ಮೇ ಕೊನೆಗೆ ಮುಳಿಯಾರಿನ ತೋಟ. ಮಳೆ ಬಂದ ಮೇಲೆ ಶಾಲೆ, ತಾಳಮದ್ದಳೆ, ಆಟಿ, ಹೆದ್ದಾರಿಯ ಅಂಗಡಿಗಳು. ತಾಯಂದಿರ ವಾರಕ್ಕೆ ದಿನ ಹಾಕಿಲ್ಲ. ಅವರು ಯಾವಾಗ ಬಾ ಅನ್ನುತ್ತಾರೋ ಆಗ.

ಪೆರ್ಲದ ಅಕ್ಕಾ, ಬರುವ ಭಾನುವಾರ ಬರಬಹುದಾ? ಸುರಂಗ ಕೊರೆಯುವ ಹಿರಿಯರೂ ಅಲ್ಲೇ ಸಿಗ್ತಾರಾ?

---

ಪೆರ್ಲದ ಅಕ್ಕ

ಭಾನುವಾರ ಬೇಡ ತಮ್ಮಾ, ಅವರಿಗೆ ಪಕ್ಕದ ಮನೆಯ ಮದುವೆ ಇದೆ. ಸೋಮವಾರ ಬೆಳಿಗ್ಗೆ ಎಂಟಕ್ಕೆ ಬಾ. ಮಧ್ಯಾಹ್ನ ಮೇಲೆ ಗುಡುಗು ಶುರುವಾಗಿದೆ ಈಗೀಗ. ಪೇಟೆಯಿಂದ ಜೀಪು ಸಿಗುತ್ತದೆ. ಬೈಕಿನಲ್ಲಾದರೆ ಕೊನೆಯ ಇಳಿಜಾರು ನಡೆದೇ ಬಾ, ಜಲ್ಲಿ ಎದ್ದಿದೆ. ಡ್ರೋನ್ ತರುವುದಾದರೆ ಮೊದಲೇ ಹೇಳು, ಗಿಡ್ಡ ದನಗಳನ್ನು ಒಳಗೆ ಕಟ್ಟಬೇಕು. ಸುರಂಗದ ಒಳಗೆ ಬಾವಲಿ ಇದೆ, ಮೊದಲು ಅವರು ಹೋಗಿ ನೋಡಿ ಬರುತ್ತಾರೆ, ಆಮೇಲೆ ನೀನು. ಊಟ ಇಲ್ಲೇ. ಎಷ್ಟು ಜನ ಬರ್ತೀರಿ ಅಂತ ಶನಿವಾರದೊಳಗೆ ಹೇಳು.